ಕೂಲರ್ ಮುಟ್ಟಿದ್ರ ಜುಮ್ ಅಂತದ, ಏನ್ ಮಾಡ್ಬೇಕು?

ಪ್ರಶ್ನೆ: ಸರ್, ನಾವು ಕಲಬುರಗಿಯವ್ರು. ಮನ್ಯಾಗ ತಗಡಿನ ದೊಡ್ಡ ಕೂಲರ್ ಅದ, ಏಳೆಂಟು ವರ್ಷ ಹಳೇದು. ಹೋದ ತಿಂಗಳು ನೀರು ಮ್ಯಾಲ ಏರೋದು ನಿಂತಿತ್ತು. ನಮ್ಮ ಓಣ್ಯಾಗ ಒಬ್ರು ಎಲ್ಲಾರ ಮನಿ ರಿಪೇರಿನೂ ತಾವೇ ಮಾಡಿಕೊಡ್ತಾರ, ರೊಕ್ಕ ತಗೊಳಂಗಿಲ್ಲ, ಅವ್ರೇ ಬಂದು ಪಂಪಿನ ವೈರ್ ಜೋಡಿಸಿ, ಹುಲ್ಲಿನ ಬದ್ಲಿ ಗೋಣಿಚೀಲ ಕಟ್ಟಿ ಹೋದ್ರು. ಅವತ್ತಿಂದ ಬರಿಗಾಲಾಗ ಕೂಲರ್ ಮುಟ್ಟಿದ್ರ ಜುಮ್ ಅಂತದ. ಕೇಳಿದ್ರ ಪ್ಲಗ್ ತಿರುವಿ ಹಾಕ್ರಿ, ಚಪ್ಲಿ ಹಾಕ್ಕೊಂಡು ಮುಟ್ರಿ, ಏನಾಗಂಗಿಲ್ಲ ಅಂತಾರ. ಗಾಳೀನೂ ತಂಪಿಲ್ಲ, ಖೋಲಿ ಎಲ್ಲಾ ಚಿಪಿಚಿಪಿ. ಹೊಸಾದು ತಗೊಂಡು ಇದನ್ನ ಉಡುಪಿಯಾಗ ಇರೋ ಮಗಳ ಮನಿಗೆ ಕಳಿಸಿದ್ರ ನಡೀತದೇನು?

ಉತ್ತರ: ಮೊದಲ ಎದ್ದು ಹೋಗಿ ಗ್ವಾಡಿ ಮ್ಯಾಲಿನ ಸ್ವಿಚ್ ಆಫ್ ಮಾಡಿ ಆ ಪ್ಲಗ್ ಕೀಳ್ರಿ, ಮುಂದಿಂದು ಆಮ್ಯಾಲ ಓದ್ರಿ. ಕೂಲರ್ ಮೈ ಮಾತ್ರ ಮುಟ್ಟಬ್ಯಾಡ್ರಿ.

ಜುಮ್ ಅನ್ನೋದು ಸಣ್ಣ ವಿಷಯ ಅಲ್ರಿ. ತಗಡಿಗೆ ಕರೆಂಟ್ ಬಂದದ, ಅದಕ್ಕ ನೆಲಕ್ಕ ಹೋಗೋಕ ಬ್ಯಾರೆ ದಾರಿ ಇಲ್ಲ, ನಿಮ್ಮ ಮೈಯೊಳಗಿಂದ ಹೋಗ್ಲಿಕ್ಕೆ ನೋಡ್ತದ. ಇವತ್ತು ನೆಲ ಒಣಗಿರ್ತದ, ಜುಮ್ ಅಂತ ಬಿಡ್ತದ. ನಾಳೆ ನೀರು ತುಂಬುವಾಗ ಬಕೆಟ್ ಚೆಲ್ಲಿ ಕಾಲು ತೊಯ್ದಿರ್ತಾವ, ಕೈ ತಗಡಿನ ಮ್ಯಾಲ ಇರ್ತದ, ಆಗ ಅದೇ ಕೂಲರ್ ಹಿಡಕೊಂಡು ಬಿಡಂಗಿಲ್ಲ. ಮನ್ಯಾಗ ಎಂಸಿಬಿ, ಅಂದ್ರ ಕರೆಂಟ್ ಹೆಚ್ಚಾದ್ರ ತಾನೇ ಬೀಳೋ ಸ್ವಿಚ್, ಅದಲ್ಲ, ಅದು ಬೀಳ್ತದ ಅಂತ ಭಾಳ ಮಂದಿ ಧೈರ್ಯದಾಗ ಇರ್ತಾರ, ಆದ್ರ ಎಂಸಿಬಿ ನೋಡೋದು ಹತ್ತು ಹದಿನಾರು ಆಂಪಿಯರ್ ಲೆಕ್ಕ, ಮನಷ್ಯಾನ ಎದೆಗೆ 30 ಮಿಲಿ ಆಂಪಿಯರ್ ದಾಟಿದ್ರನ ಅಪಾಯ. ಅಷ್ಟು ಸಣ್ಣ ಸೋರಿಕೆ ಹಿಡಿದು ಕರೆಂಟ್ ಕಡಿಯೋ ಸ್ವಿಚ್ ಅಂದ್ರ ಆರ್‌ಸಿಸಿಬಿ ಒಂದೇ. 30 ಮಿಲಿ ಆಂಪಿಯರಿಂದು ಹಾಕಿಸ್ರಿ, ಕೂಲರಿಗೆ ಕೊಡೋ ರೊಕ್ಕದ ಮುಂದ ಅದೇನು ಭಾರ ಅಲ್ಲ.

ತಪ್ಪು ಎಲ್ಲೈತಿ ಅಂತ ನೋಡದೇನ ಊಹಿಸ್ತೀನಿ, ಪಂಪಿನ ವೈರ್ ಜಾಯಿಂಟ್ ನೀರಾಗ ಅದ. ಹೋದ ವರ್ಷ ಒಂದು ಮನ್ಯಾಗ ಇಂಥದೇ ಕೂಲರ್ ಬಿಚ್ಚಿದ್ದೆ. ಟ್ಯಾಂಕಿನ ತಳದಾಗ ಜಾಯಿಂಟ್ ಬಿದ್ದಿತ್ತು, ಟೇಪ್ ಸುತ್ತಿ, ಅದರ ಮ್ಯಾಲ ಹಾಲಿನ ಪಾಕೀಟ ಸುತ್ತಿ ದಾರ ಕಟ್ಟಿದ್ರು, ಒಳಗ ತಾಮ್ರ ಹಸರಗಟ್ಟಿತ್ತು, ಮ್ಯಾಲೆಲ್ಲ ಬಿಳೇ ಉಪ್ಪು. ನಮ್ಮ ಕಡಿ ಬೋರ್ ನೀರು ಗಡಸು, ಉಪ್ಪಿನ ನೀರು ಕರೆಂಟ್ ಚಲೋ ಹರಿಸ್ತದ. ಆ ಮನ್ಯಾಗ ಎರಡು ವರ್ಷದ ಕೂಸು ತಗಡು ಹಿಡಕೊಂಡೇ ಎದ್ದು ನಿಲ್ಲೋದು ಕಲೀಲಿಕತ್ತಿತ್ತು. ನನಗ ಅವತ್ತು ಊಟ ಸೇರ್ಲಿಲ್ಲ. ನೀರಾಗ ಇರೋ ವೈರಿಗೆ ಜಾಯಿಂಟ್ ಇರಬಾರ್ದು, ಇಷ್ಟೇ. ಪಂಪು ಕೆಟ್ರ ಹೊಸಾ ಪಂಪು ತರ್ರಿ, ಕೆಲವು ನೂರು ರೂಪಾಯಿ ಆಗ್ತದ, ಅದರ ವೈರ್ ತುಂಡಿಲ್ದಂಗ ನೀರಿನಿಂದ ಮ್ಯಾಲ ಬರಬೇಕು.

ಪ್ಲಗ್ ತಿರುವಿ ಹಾಕಿದ್ರ ಜುಮ್ ಕಡಿಮಿ ಆಗಬಹುದು, ಆದ್ರ ಒಳಗಿನ ತಪ್ಪು ಹಂಗೇ ಇರ್ತದ. ಕರೆಂಟ್ ತರೋ ಫೇಸು ವೈರ್, ವಾಪಸ್ ಒಯ್ಯೋ ನ್ಯೂಟ್ರಲ್ಲು ವೈರ್ ಅದಲಿ ಬದಲಿ ಆಗ್ತಾವ, ಆಗ ಕೂಲರಿನ ಸ್ವಿಚ್ ಆಫ್ ಮಾಡಿದ್ರೂ ಒಳಗ ಕರೆಂಟ್ ನಿಂತೇ ಇರ್ತದ. ತಿರುವಿ ಹಾಕೋಕ ಬರ್ತದ ಅಂದ್ರ ಅದು ಎರಡು ಪಿನ್ನಿಂದು, ಸೋರಿದ ಕರೆಂಟ್ ನೆಲಕ್ಕ ಒಯ್ಯೋ ಅರ್ಥಿಂಗೇ ಇಲ್ಲ ಅಂತ ಆಯ್ತು. ತಗಡಿನ ಕೂಲರಿಗೆ ಮೂರು ಪಿನ್ನಿನ ಪ್ಲಗ್ಗೇ ಬೇಕು, ಉದ್ದಾಗಿ ದಪ್ಪಾಗಿರೋ ಪಿನ್ನಿನ ಹಸರ ವೈರ್ ತಗಡಿಗೆ ನಟ್ ಹಾಕಿ ಬಿಗಿದಿರಬೇಕು, ಬಣ್ಣ ತುಕ್ಕು ಕೆರೆದು ಆಮ್ಯಾಲ.

ಇನ್ನೊಂದು ಓಣಿ ಉಪಾಯ ಅದ, ಅದಂತೂ ಭಾಳ ಕೆಟ್ಟದು. ಸಾಕೆಟ್ಟಿನಾಗ ಅರ್ಥಿಂಗ್ ಬಂದಿಲ್ಲ ಅಂದ್ರ ನ್ಯೂಟ್ರಲ್ಲಿನಿಂದ ಒಂದು ತುಂಡು ವೈರ್ ಅರ್ಥ್ ಪಿನ್ನಿಗೆ ಕೊಟ್ಟು ಬಿಡ್ತಾರ. ಎಲ್ಲಾ ಸರಿ ಇದ್ದಾಗ ಗೊತ್ತಾಗಂಗಿಲ್ಲ. ಯಾವತ್ತರ ನ್ಯೂಟ್ರಲ್ ಕಡಿದು ಹೋಯ್ತಂದ್ರ ಕೂಲರ್ ತಗಡಿಗೆ ಪೂರಾ 230 ವೋಲ್ಟ್ ಬರ್ತದ. ನಿಮ್ಮ ಸಾಕೆಟ್ಟಿನಾಗ ಹಿಂಗ ಮಾಡ್ಯಾರೇನು ಅಂತ ಲೈಸೆನ್ಸ್ ಇರೋ ವೈರ್‌ಮನ್ ಕಡಿಂದ ಬಿಚ್ಚಿಸಿ ನೋಡಿಸ್ರಿ. ಹಂಗೇ ಅಂಗಳದಾಗಿನ ಅರ್ಥ್ ಗುಂಡಿಗೆ ಬ್ಯಾಸಿಗಿ ಮುಗಿಯೋ ತನಕ ಎರಡು ದಿನಕ್ಕೊಮ್ಮೆ ಒಂದು ಕೊಡ ನೀರು ಹಾಕ್ರಿ, ಮಣ್ಣು ಒಣಗಿದ್ರ ಅರ್ಥಿಂಗ್ ಇದ್ದೂ ಇಲ್ದಂಗ.

ಇನ್ನ ತಂಪಿನ ಮಾತು. ಗೋಣಿಚೀಲ ಇವತ್ತೇ ತಗೀರಿ. ಅದು ನೀರು ಕುಡದು ದಪ್ಪಾಗಿ ಗಾಳಿನೇ ಬಿಡಂಗಿಲ್ಲ. ಹುಲ್ಲರ, ಜೇನುಗೂಡಿನಂಗ ತೂತಿರೋ ಹನಿಕೋಂಬ್ ಪ್ಯಾಡರ ಹಾಕ್ರಿ, ಮ್ಯಾಲಿನ ನೀರಿನ ತೂತು ಉಪ್ಪು ಕಟ್ಟಿರ್ತಾವ, ಸೂಜಿ ತಗೊಂಡು ಬಿಡಿಸ್ರಿ. ಚಿಪಿಚಿಪಿ ಆಗೋದಕ್ಕ ಕಾರಣ ಬ್ಯಾರೆ, ಕಿಟಕಿ ಮುಚ್ಚಿರ್ತೀರಿ ನೀವು. ತಂಪು ಹೊರಗ ಹೋಗ್ತದ ಅಂತ ಮುಚ್ಚೋದು ಎಸಿ ಲೆಕ್ಕ. ಕೂಲರ್ ಗಾಳಿಗೆ ನೀರಿನ ಆವಿ ಕೂಡಿಸಿ ತಂಪು ಮಾಡ್ತದ, ಆ ಆವಿ ಗಾಳಿ ಎದರಿನ ಕಿಟಕಿಯಿಂದ ಹೊರಗ ಹೋಗಲೇಬೇಕು, ಕೂಲರಿನ ಬೆನ್ನು ಹೊರಗಿನ ಒಣಗಾಳಿಗೆ ಇರಬೇಕು. ಕಲಬುರಗಿಯಾಗ 42 ಡಿಗ್ರಿ ಇದ್ದು ತೇವಾಂಶ ಶೇ 20 ಇತ್ತಂದ್ರ ಚಲೋ ಕೂಲರ್ 28ರ ಸುತ್ತ ಗಾಳಿ ಕೊಡ್ತದ. ಉಡುಪಿಯಾಗ 34 ಡಿಗ್ರಿ, ತೇವಾಂಶ ಶೇ 70 ಅಂದ್ರ ನಾಕು ಡಿಗ್ರಿ ಇಳಿದ್ರ ದೊಡ್ಡದು, ಅದೂ ಒದ್ದಿ ಗಾಳಿ, ಬೆವರು ಆರಂಗಿಲ್ಲ. ಮಗಳ ಮನಿಗೆ ಕಳಿಸಬ್ಯಾಡ್ರಿ, ಅಲ್ಲಿ ಫ್ಯಾನೇ ಸಾಕು.

ಟ್ಯಾಂಕ್ ವಾರಕ್ಕೊಮ್ಮೆ ಖಾಲಿ ಮಾಡಿ ಗೋಡಿ ತಿಕ್ಕಿ ತೊಳೀರಿ. ಡೆಂಗಿ ಸೊಳ್ಳಿ ತತ್ತಿ ಗೋಡಿಗೆ ಅಂಟಿರ್ತಾವ, ಬರೇ ನೀರು ಚೆಲ್ಲಿದ್ರ ಹೋಗಂಗಿಲ್ಲ. ನೀರು ತುಂಬುವಾಗ ಪ್ರತಿ ಸಲ ಪ್ಲಗ್ ಕಿತ್ತೇ ತುಂಬ್ರಿ.

ಓಣಿ ಹಿರೇರ ಜೋಡಿ ಜಗಳಾಡಬ್ಯಾಡ್ರಿ, ಅವ್ರ ಮನಸು ಒಳ್ಳೇದು. ವೈರ್‌ಮನ್ ಬಂದು ಪಂಪು ಹೊರಗ ತಗಿಯೋ ಹೊತ್ತಿಗೆ ಅವ್ರನ್ನ ಕರೀರಿ, ಜಾಯಿಂಟ್ ಅವ್ರ ಕೈಯಾಗೇ ಕೊಡ್ರಿ, ಆಮ್ಯಾಲ ಅವ್ರು ಯಾವ್ಯಾವ ಮನ್ಯಾಗ ಕೂಲರ್ ಮುಟ್ಟ್ಯಾರ ಅಂತ ಕೇಳಿಕೊಂಡು ಇಬ್ರೂ ಕೂಡಿ ಸಂಜಿ ಒಳಗ ಆ ಎಲ್ಲಾ ಮನಿಗೂ ಹೋಗಿ ಬರ್ರಿ.