ಓದುಗರ ಪ್ರಶ್ನೆ: ಸೂರ್ಯನ ಕಣದಲ್ಲಿ ತೂರಿದವರು ಯಾರು?

ಪ್ರಶ್ನೆ (ಇಂಡಿ ತಾಲ್ಲೂಕಿನ ಓದುಗರೊಬ್ಬರಿಂದ): ಬಿಳಿಜೋಳದ ರಾಶಿ ಮಾಡುವಾಗ ಕಾಳು ಕಾಲಬುಡದಲ್ಲೇ ಬೀಳುತ್ತದೆ, ಹೊಟ್ಟು ಗಾಳಿಗೆ ದೂರ ಹಾರುತ್ತದೆ. ಸೂರ್ಯನ ಹತ್ತಿರ ಭೂಮಿಯಂಥ ಕಲ್ಲಿನ ಗ್ರಹಗಳೂ ದೂರದಲ್ಲಿ ಗುರು, ಶನಿಗಳಂಥ ಅನಿಲದ ಗ್ರಹಗಳೂ ಇರುವುದಕ್ಕೆ ಇದೇ ಕಾರಣವೇ? ಎಲ್ಲವನ್ನೂ ಸೂರ್ಯನೇ ತೂರಿದನೆನ್ನಬಹುದೇ?

ಉತ್ತರ: ಹೋಲಿಕೆ ಸೊಗಸಾಗಿದೆ, ಆದರೆ ಪೂರ್ತಿ ಒಪ್ಪುವಂತಿಲ್ಲ. ಹಾಗೆ ತೂರಿದ್ದರೆ ದೂರದ ಗುರುವಿನಲ್ಲಿ ಬರೀ ಹೊಟ್ಟೇ ಇರಬೇಕಿತ್ತು. ವಾಸ್ತವವಾಗಿ ಜಲಜನಕ, ಹೀಲಿಯಂಗಳಿಗಿಂತ ಭಾರವಾದ ಪದಾರ್ಥವೇ ಅದರ ಒಡಲಲ್ಲಿ ಭೂಮಿಯ ತೂಕದ ಹತ್ತು ಪಟ್ಟಿಗೂ ಹೆಚ್ಚಾಗಿದೆ.

ಎಳೆಯ ಸೂರ್ಯನ ಸುತ್ತ ತಿರುಗುತ್ತಿದ್ದ ತಟ್ಟೆಯಂಥ ರಾಶಿಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಅನಿಲ, ಹೆಚ್ಚುಕಡಿಮೆ ಒಂದು ಪಾಲು ದೂಳು ಇತ್ತು. ಅನಿಲ ಸೂರ್ಯನ ಹತ್ತಿರವೂ ಇತ್ತು, ದೂರವೂ ಇತ್ತು. ಭೇದ ಮಾಡಿದ್ದು ಗಾಳಿಯಲ್ಲ, ಶಾಖ. ಸೂರ್ಯನಿಂದ ಭೂಮಿಗಿರುವ ದೂರದ ಸುಮಾರು ಮೂರು ಪಟ್ಟು ಆಚೆಗೆ ನೀರು ಆವಿಯಾಗಿ ಉಳಿಯದೆ ಹಿಮದ ಹರಳಾಗುತ್ತದೆ. ಈ ಹಿಮರೇಖೆಯ ಒಳಗೆ ಗ್ರಹ ಕಟ್ಟಲು ಸಿಕ್ಕಿದ್ದು ಕಲ್ಲು ಮತ್ತು ಲೋಹ ಮಾತ್ರ. ಹೊರಗೆ ಅದರ ಜೊತೆಗೆ ಹಿಮವೂ ಸಿಕ್ಕಿತು. ಹೀಗೆ ಗುರುವಿನ ತಿರುಳು ಬೇಗ ದಪ್ಪವಾಗಿ, ಭೂಮಿಯ ಹತ್ತು ಪಟ್ಟಿನ ಆಸುಪಾಸಿಗೆ ಬಂದಾಗ ಸುತ್ತಲಿನ ಅನಿಲವನ್ನು ಎಳೆದುಕೊಳ್ಳತೊಡಗಿತು. ಇಂದು ಅದು 318 ಭೂಮಿಗಳಷ್ಟು ತೂಗುತ್ತದೆ. ತಟ್ಟೆಯ ಅನಿಲ ಬಾಳಿದ್ದು ಕೆಲವೇ ದಶಲಕ್ಷ ವರ್ಷ. ಭೂಮಿ ಪೂರ್ತಿ ರೂಪುಗೊಳ್ಳಲು ಕೋಟಿಗಟ್ಟಲೆ ವರ್ಷ ಬೇಕಾದ್ದರಿಂದ, ಅದು ಸಿದ್ಧವಾಗುವ ಹೊತ್ತಿಗೆ ಕಣ ಬರಿದಾಗಿತ್ತು. ನಿಮ್ಮ ಗಾಳಿ ಬಂದದ್ದು ಈ ಕೊನೆಯ ಹಂತದಲ್ಲಿ: ಸೂರ್ಯನ ನೇರಳಾತೀತ ಕಿರಣಗಳೂ ಎಕ್ಸ್-ಕಿರಣಗಳೂ ಉಳಿದ ಅನಿಲವನ್ನು ಕಾಯಿಸಿ ಓಡಿಸಿದವು.

ಇದಕ್ಕಿಂತ ಕಠಿಣವಾದ ಪ್ರಶ್ನೆಯೊಂದಿದೆ. ಅದನ್ನು ನೀವು ಕೇಳದಿದ್ದರೂ ಹೇಳಬೇಕು. ದೂಳಿನ ಕಣಗಳು ಒಂದಕ್ಕೊಂದು ಅಂಟಿ ಹರಳುಗಲ್ಲಾಗುವುದು ಸುಲಭ. ಆದರೆ ಎರಡು ಗುಂಡುಕಲ್ಲುಗಳು ತಾಗಿದರೆ ಅಂಟುವುದಿಲ್ಲ, ಸಿಡಿಯುತ್ತವೆ. ಸಾಲದ್ದಕ್ಕೆ, ಅನಿಲವು ಕಲ್ಲಿಗಿಂತ ತುಸು ನಿಧಾನವಾಗಿ ಸುತ್ತುವುದರಿಂದ ಕಲ್ಲಿಗೆ ಸದಾ ಎದುರುಗಾಳಿ; ಒಂದು ಮೀಟರ್ ಗಾತ್ರದ ಬಂಡೆ ವೇಗ ಕಳೆದುಕೊಂಡು ಕೆಲವು ನೂರು ವರ್ಷಗಳಲ್ಲೇ ಸೂರ್ಯನತ್ತ ಜಾರಿಬಿಡುತ್ತದೆ. ಹರಳುಗಲ್ಲುಗಳು ದಟ್ಟವಾದ ಗುಂಪುಗಳಾಗಿ ಸೇರಿ, ಬಂಡೆಯ ಹಂತವನ್ನೇ ಹಾರಿ, ತಮ್ಮದೇ ಗುರುತ್ವದಿಂದ ಒಮ್ಮೆಲೇ ಕುಸಿದು ಕಿಲೋಮೀಟರುಗಟ್ಟಲೆ ದೊಡ್ಡ ಕಾಯಗಳಾದವೆಂಬುದು ಇಂದು ಹೆಚ್ಚು ಒಪ್ಪಿತವಾದ ವಿವರಣೆ. 2019ರ ಜನವರಿ 1ರಂದು ನ್ಯೂ ಹೊರೈಜನ್ಸ್ ಬಾಹ್ಯಾಕಾಶ ನೌಕೆ ನೆಪ್ಚೂನಿನ ಆಚೆ ಕಂಡ ಅರೊಕೋತ್ ಎಂಬ ಚಿಕ್ಕ ಕಾಯ ಇದಕ್ಕೆ ಒಳ್ಳೆಯ ಸಾಕ್ಷಿ: ಅದರ ಎರಡು ಉಂಡೆಗಳು ಜಜ್ಜಿಹೋಗದೆ, ಮೆಲ್ಲಗೆ ಬಂದು ಕೂಡಿಕೊಂಡಂತಿವೆ.

ಪ್ರಶ್ನೆ (ಮುಧೋಳದಿಂದ): ಚಂದ್ರರೂ ಗ್ರಹಗಳಂತೆಯೇ ಹುಟ್ಟಿದರೇ?

ಉತ್ತರ: ಕೆಲವರು ಮಾತ್ರ. ಬೆಳೆಯುತ್ತಿದ್ದ ಗುರುವಿನ ಸುತ್ತಲೂ ಒಂದು ಚಿಕ್ಕ ತಟ್ಟೆ ಇತ್ತು. ಗೆಲಿಲಿಯೊ 1610ರಲ್ಲಿ ಕಂಡ ನಾಲ್ಕು ಚಂದ್ರರು ಅದರಲ್ಲಿ ಕೂಡಿದವರು. ಇಲ್ಲಿ ಹಿಮರೇಖೆಯ ಕಥೆ ಚಿಕ್ಕ ಅಳತೆಯಲ್ಲಿ ಮರುಕಳಿಸಿದಂತೆ ಕಾಣುತ್ತದೆ: ಗುರುವಿಗೆ ಹತ್ತಿರದ ಅಯೊ ನೀರಿಗಿಂತ ಮೂರೂವರೆ ಪಟ್ಟು ಸಾಂದ್ರವಾದ ಒಣಕಲ್ಲು, ದೂರದ ಕ್ಯಾಲಿಸ್ಟೊ ಎರಡು ಪಟ್ಟಿಗೂ ಕಡಿಮೆ, ಏಕೆಂದರೆ ಅದರಲ್ಲಿ ಹಿಮ ಹೇರಳ. ಇಂಥ ತಟ್ಟೆ ಕೇವಲ ಊಹೆಯಲ್ಲ. ಪಿಡಿಎಸ್ 70 ಎಂಬ ಎಳೆಯ ನಕ್ಷತ್ರದ ಗ್ರಹವೊಂದರ ಸುತ್ತ ಅಂಥದೊಂದು ಇರುವುದನ್ನು ಚಿಲಿ ದೇಶದ ಆಲ್ಮಾ ದೂರದರ್ಶಕದ ನೆರವಿನಿಂದ ಗುರುತಿಸಿ 2021ರಲ್ಲಿ ಪ್ರಕಟಿಸಲಾಯಿತು.

ನಮ್ಮ ಚಂದ್ರನದು ಬೇರೆಯೇ ದಾರಿ. ಮಂಗಳದಷ್ಟು ದೊಡ್ಡ ಕಾಯವೊಂದು ಎಳೆಯ ಭೂಮಿಗೆ ಅಪ್ಪಳಿಸಿದಾಗ ಚಿಮ್ಮಿದ ಪದಾರ್ಥ ಕೂಡಿ ಚಂದ್ರನಾಯಿತೆಂದು ಬಹುತೇಕ ವಿಜ್ಞಾನಿಗಳು ಒಪ್ಪುತ್ತಾರೆ. ಚಿಮ್ಮಿದ್ದು ಹೆಚ್ಚಾಗಿ ಹೊರಪದರದ ಕಲ್ಲೆಂಬುದಕ್ಕೆ ಸಾಕ್ಷಿಯಿದೆ: ಭೂಮಿಯ ತೂಕದಲ್ಲಿ ಮೂರರಲ್ಲೊಂದು ಪಾಲು ಅದರ ಲೋಹದ ತಿರುಳಾದರೆ, ಚಂದ್ರನಲ್ಲಿ ಅದು ನೂರಕ್ಕೆ ಒಂದೆರಡು ಪಾಲು ಮಾತ್ರ. ಅಪೊಲೊ ಯಾತ್ರಿಗಳು ತಂದ ಕಲ್ಲುಗಳಲ್ಲಿ ಆಮ್ಲಜನಕದ ಬೇರೆಬೇರೆ ತೂಕದ ಪರಮಾಣುಗಳ ಪ್ರಮಾಣವಾದರೋ ಭೂಮಿಯದಕ್ಕೆ ಹೆಚ್ಚುಕಡಿಮೆ ಸರಿಹೊಂದುತ್ತದೆ. ಇನ್ನು ನೆಪ್ಚೂನಿನ ಟ್ರೈಟನ್ ಹೊರಗಿನಿಂದ ಬಂದು ಸೆರೆಸಿಕ್ಕಿದ್ದು. ಅದು ತನ್ನ ಗ್ರಹ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಸುತ್ತುತ್ತದೆ.

ಪ್ರಶ್ನೆ (ವಿಜಯಪುರದ ವಿದ್ಯಾರ್ಥಿನಿಯಿಂದ): ಗೋಲಗುಂಬಜದ ಕರಿಕಲ್ಲು ಗ್ರಹಗಳು ಹುಟ್ಟಿದ ಕಾಲದ್ದೇ?

ಉತ್ತರ: ಅಲ್ಲ. ಅದು ದಖನ್ನಿನ ಲಾವಾ ಹರಿದು ಆರಿದ ಕಲ್ಲು, ವಯಸ್ಸು ಸುಮಾರು 6.6 ಕೋಟಿ ವರ್ಷ. ಸೌರವ್ಯೂಹದ ಮೊದಲ ಹರಳುಗಳನ್ನು ನೋಡಬೇಕಾದರೆ ಉಲ್ಕಾಶಿಲೆಗಳನ್ನು ಕೊಯ್ದು ನೋಡಬೇಕು: 1969ರಲ್ಲಿ ಮೆಕ್ಸಿಕೊದಲ್ಲಿ ಬಿದ್ದ ಒಂದರಲ್ಲಿ ಕ್ಯಾಲ್ಸಿಯಂ, ಅಲ್ಯೂಮಿನಿಯಂ ತುಂಬಿದ ಬಿಳಿಚುಕ್ಕೆಗಳಿವೆ, ಅವುಗಳ ವಯಸ್ಸು ಸುಮಾರು 456.7 ಕೋಟಿ ವರ್ಷ.