ಓದುಗರ ಪ್ರಶ್ನೆ: ಕಂದು ರೋಗದ ಪರೀಕ್ಷೆಗೆ ಫೇಜ್ ಡಿಸ್‌ಪ್ಲೇ

ಪ್ರಶ್ನೆ: ನಮ್ಮ ಹಿಂಡಿನಲ್ಲಿ ಕೆಲವು ಕುರಿಗಳು ಕಂದು ಹಾಕಿದ್ದರಿಂದ ರಕ್ತ ಪರೀಕ್ಷೆ ಮಾಡಿಸಿದೆವು. ಒಂದು ಪರೀಕ್ಷೆಯಲ್ಲಿ ಬ್ರೂಸೆಲ್ಲಾ ಇದೆ ಎಂದು ಬಂದ ಕುರಿಗೆ ಇನ್ನೊಂದರಲ್ಲಿ ಇಲ್ಲವೆಂದು ಬಂತು. ಫೇಜ್ ಡಿಸ್‌ಪ್ಲೇ ವಿಧಾನದಿಂದ ಸರಿಯಾದ ಎಪಿಟೋಪ್ ಹುಡುಕಿದರೆ ಪರೀಕ್ಷೆ, ಲಸಿಕೆ ಎರಡೂ ಸುಧಾರಿಸುತ್ತವೆ ಎಂದು ಕೇಳಿದ್ದೇನೆ. ನಿಜವೇ?
– ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಪರೀಕ್ಷೆಯ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. ಲಸಿಕೆಯ ಮಟ್ಟಿಗೆ ಅಷ್ಟು ಸುಲಭವಾಗಿ ಹೌದೆನ್ನಲಾಗದು.

ಸಾಮಾನ್ಯವಾಗಿ ಮೊದಲು ಮಾಡುವ ರೋಸ್ ಬೆಂಗಾಲ್ ಪರೀಕ್ಷೆಯಲ್ಲಿ, ಬಣ್ಣ ಹಚ್ಚಿದ ಸತ್ತ ಬ್ರೂಸೆಲ್ಲಾ ಬ್ಯಾಕ್ಟೀರಿಯಾಗಳ ದ್ರಾವಣವನ್ನು ಕುರಿಯ ಸೀರಮ್ಮಿನ ಹನಿಯೊಂದಿಗೆ ಬೆರೆಸಿ, ನಾಲ್ಕು ನಿಮಿಷ ಅಲುಗಾಡಿಸಿ, ಗುಲಾಬಿ ಬಣ್ಣದ ಸಣ್ಣ ಗಂಟುಗಳು ಕಟ್ಟುತ್ತವೆಯೇ ಎಂದು ನೋಡುತ್ತಾರೆ. ಇಲ್ಲಿ ಪ್ರತಿಕಾಯಗಳು ಮುಖ್ಯವಾಗಿ ಹಿಡಿಯುವುದು ಬ್ಯಾಕ್ಟೀರಿಯಾದ ಹೊರಮೈಯ ಸಕ್ಕರೆ ಸರಪಳಿಯನ್ನು. ಯೆರ್ಸಿನಿಯಾ ಎಂಟರೊಕೊಲಿಟಿಕಾ ಎಂಬ ಬೇರೆಯೇ ಬ್ಯಾಕ್ಟೀರಿಯಾದ ಒಂದು ಬಗೆಯಾದ ಓ:9ರ ಮೈಮೇಲೂ ಹೆಚ್ಚುಕಡಿಮೆ ಅದೇ ಸರಪಳಿ ಇರುವುದರಿಂದ, ಅದು ತಗುಲಿದ ಪ್ರಾಣಿಯ ರಕ್ತವೂ ಇದೆ ಎಂಬ ಉತ್ತರವನ್ನೇ ಕೊಡಬಹುದು. ಲಸಿಕೆ ಹಾಕಿಸಿಕೊಂಡ ಪ್ರಾಣಿಯ ವಿಷಯದಲ್ಲೂ ಇದೇ ತೊಡಕು. ನಿಮ್ಮ ಎರಡು ಫಲಿತಾಂಶಗಳು ಹೊಂದದಿರುವುದಕ್ಕೆ ಇದೊಂದೇ ಕಾರಣವೆಂದು ಇಲ್ಲಿ ಕುಳಿತು ಹೇಳಲಾಗದು. ಪಶುವೈದ್ಯರ ಸಲಹೆಯಂತೆ ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸುವುದು ಒಳ್ಳೆಯದು.

ಪ್ರತಿಕಾಯವು ರೋಗಾಣುವಿನಲ್ಲಿ ಹಿಡಿಯುವ ಪುಟ್ಟ ಭಾಗವೇ ಎಪಿಟೋಪ್. ಅದನ್ನು ಹುಡುಕಲು ಬ್ಯಾಕ್ಟೀರಿಯಾವನ್ನು ಸೋಂಕಿಸುವ ವೈರಸ್ಸನ್ನು, ಅಂದರೆ ಫೇಜನ್ನು, ಬಳಸಬಹುದೆಂಬ ದಾರಿಯನ್ನು ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಜಾರ್ಜ್ ಸ್ಮಿತ್ 1985ರಲ್ಲಿ ತೋರಿಸಿದರು. 2018ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಎಂ13 ಎಂಬ ದಾರದಂಥ ಫೇಜ್‌ನ ಒಂದು ತುದಿಯ ಪ್ರೋಟೀನಿಗೆ ಏಳು ಅಥವಾ ಹನ್ನೆರಡು ಅಮೈನೋ ಆಮ್ಲಗಳ ಪುಟ್ಟ ಸರಪಳಿಯನ್ನು, ಅಂದರೆ ಪೆಪ್ಟೈಡನ್ನು, ಜೋಡಿಸಿದರೆ, ಪೆಪ್ಟೈಡ್ ಹೊರಗೆ ಕಾಣುತ್ತದೆ, ಅದನ್ನು ಬರೆದ ಡಿಎನ್ಎ ಅದೇ ಫೇಜ್‌ನ ಒಳಗಿರುತ್ತದೆ. ಏಳರ ಸರಣಿಯಲ್ಲೇ 128 ಕೋಟಿ ಬಗೆಗಳು ಸಾಧ್ಯ. ಇಂಥ ಕೋಟ್ಯಂತರ ಫೇಜ್‌ಗಳ ಮಿಶ್ರಣವನ್ನು, ರೋಗಪೀಡಿತ ಕುರಿಯ ಪ್ರತಿಕಾಯ ಅಂಟಿಸಿದ ಪ್ಲಾಸ್ಟಿಕ್ ಗುಳಿಗೆ ಸುರಿದು, ಹಿಡಿತಕ್ಕೆ ಸಿಗದವನ್ನು ತೊಳೆದು, ಸಿಕ್ಕವನ್ನು ಆಮ್ಲದಿಂದ ಬಿಡಿಸಿ, ಇ. ಕೋಲಿ ಎಂಬ ಬ್ಯಾಕ್ಟೀರಿಯಾದಲ್ಲಿ ಬೆಳೆಸಿ ಮತ್ತೆ ಅಂಥದೇ ಹೊಸ ಗುಳಿಗೆ ಹಾಕುತ್ತಾರೆ. ಮೂರು ನಾಲ್ಕು ಸುತ್ತು ಹೀಗೆ ಕೇರಿದ ಮೇಲೆ ಉಳಿದವುಗಳ ಡಿಎನ್ಎ ಓದಿದರೆ ಪೆಪ್ಟೈಡ್ ಯಾವುದೆಂದು ತಿಳಿಯುತ್ತದೆ. ಆರೋಗ್ಯವಂತ ಕುರಿಯ ಪ್ರತಿಕಾಯಕ್ಕೂ ಯೆರ್ಸಿನಿಯಾ ತಗುಲಿದ ಪ್ರಾಣಿಯ ಪ್ರತಿಕಾಯಕ್ಕೂ ಅಂಟುವವನ್ನು ಮೊದಲೇ ತೆಗೆದುಹಾಕುವುದು ಈ ಕೆಲಸದ ಜಾಣತನ. ಪ್ಲಾಸ್ಟಿಕ್ಕಿಗೇ ಅಂಟಿಕೊಳ್ಳುವ ಪೆಪ್ಟೈಡ್‌ಗಳೂ ಗೆದ್ದವರ ಸಾಲಿನಲ್ಲಿ ನುಸುಳುವುದರಿಂದ, ಸಿಕ್ಕಿದ್ದನ್ನೆಲ್ಲ ಎಪಿಟೋಪ್ ಎಂದು ನಂಬುವಂತಿಲ್ಲ.

ಸಕ್ಕರೆಯನ್ನು ಪೆಪ್ಟೈಡ್ ಹೇಗೆ ಹೋಲೀತು ಎಂಬ ಸಂದೇಹ ಸಹಜ. ರಚನೆ ಬೇರೆಯಾದರೂ ಪ್ರತಿಕಾಯ ತನ್ನದೆಂದು ಹಿಡಿಯುವ ಇಂಥ ಪೆಪ್ಟೈಡನ್ನು ಮಿಮೋಟೋಪ್ ಎನ್ನುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ಮೇಲಾಗಿ ಪೆಪ್ಟೈಡನ್ನು ರಾಸಾಯನಿಕವಾಗಿ ತಯಾರಿಸಬಹುದಾದ್ದರಿಂದ, ಮನುಷ್ಯರಿಗೂ ಹರಡುವ ಬ್ರೂಸೆಲ್ಲಾವನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಅಪಾಯ ತಪ್ಪುತ್ತದೆ.

ಲಸಿಕೆಗೆ ಅಷ್ಟು ಸಾಲದು. ಪ್ರತಿಕಾಯ ಹಿಡಿದ ಪೆಪ್ಟೈಡನ್ನು ಚುಚ್ಚಿದರೆ ಹುಟ್ಟುವ ಪ್ರತಿಕಾಯ ಮರಳಿ ರೋಗಾಣುವನ್ನೇ ಹಿಡಿಯಬೇಕೆಂಬ ನಿಯಮವಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಬ್ರೂಸೆಲ್ಲಾ ದೇಹದ ಜೀವಕೋಶಗಳೊಳಗೇ ಅಡಗಿ ಬದುಕುತ್ತದೆ. ಅದರೆದುರು ಹೋರಾಡುವುದು ಮುಖ್ಯವಾಗಿ ಟಿ ಕೋಶಗಳೆಂಬ ರಕ್ಷಕ ಬಿಳಿ ರಕ್ತಕಣಗಳು, ಪ್ರತಿಕಾಯವನ್ನು ಗಾಳವಾಗಿಟ್ಟ ಹುಡುಕಾಟದಲ್ಲಿ ಟಿ ಕೋಶದ ಎಪಿಟೋಪ್ ಸಿಗುವುದಿಲ್ಲ. ಕುರಿಗಳಿಗೆ ರೆವ್-1, ಹೆಣ್ಣು ಕರುಗಳಿಗೆ ಎಸ್19 ಎಂಬ ಹಳೆಯ ಜೀವಂತ ಲಸಿಕೆಗಳು ಇಂದಿಗೂ ಬಳಕೆಯಲ್ಲಿರುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ಈ ಫೇಜ್‌ಗಳು ಪ್ರಯೋಗಾಲಯದವರಿಗೆ ಅಂಟಿಕೊಳ್ಳುವುದಿಲ್ಲವೇ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಇಲ್ಲ. ಎಂ13 ಒಳಹೊಗಲು ಇ. ಕೋಲಿಯ ಕೆಲವು ತಳಿಗಳ ಮೈಮೇಲಿನ ಎಫ್ ಪೈಲಸ್ ಎಂಬ ಕೂದಲಿನಂಥ ಎಳೆ ಬೇಕು. ಮನುಷ್ಯರ ಜೀವಕೋಶಗಳಲ್ಲಿ ಅದಿಲ್ಲ. ಆ ಇ. ಕೋಲಿಯನ್ನೂ ಅದು ಒಡೆದು ಕೊಲ್ಲುವುದಿಲ್ಲ, ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ ಅಷ್ಟೆ.