ಡಿಸೆಂಬರ್ 31ರೊಳಗೆ ಬಂದು ಇಳಿ

ತಂಗೀ,

ನಿನ್ನ ಪತ್ರ ಓದಿದೆ. ನೀನು ಬೆಂಗಳೂರಿನಲ್ಲಿ ಆರು ವರ್ಷದಿಂದ ಸಿನಿಮಾ ಗ್ರಾಫಿಕ್ಸ್‌ನಲ್ಲಿ ಕಾಂಪೋಸಿಟಿಂಗ್, ಅಂದರೆ ಬೇರೆ ಬೇರೆ ಚಿತ್ರಗಳನ್ನು ಸೇರಿಸಿ ಒಂದೇ ಶಾಟ್ ಮಾಡೋ ಕೆಲಸ, ಮಾಡುತ್ತಿದ್ದೀಯ, ನಿನ್ನ ಗಂಡ ಸಾಫ್ಟ್‌ವೇರ್ ಡೆವಲಪರ್. ಕೆನಡಾದಲ್ಲಿ, ನಾನಿರುವ ವ್ಯಾಂಕೂವರ್‌ನ ಒಂದು ಸ್ಟುಡಿಯೋದಿಂದ ನಿನಗೆ ಆಫರ್ ಬಂದಿದೆ, ಜನವರಿ ಎರಡನೇ ವಾರ ಸೇರಬೇಕು. "ಅಣ್ಣಾ, ಎಐ ಬಂದ ಮೇಲೆ ಅಲ್ಲಿ ನಮ್ಮಿಬ್ಬರಿಗೂ ಕೆಲಸ ಉಳಿಯುತ್ತಾ? ಮೊದಲು ಹೋಗೋದು ನನ್ನದಾ, ಅವರದಾ?" ಅಂತ ಕೇಳಿದ್ದೀಯ. ನಾನು ಇಲ್ಲಿ ಎರಡೂ ಕಡೆ ಕಾಲಿಟ್ಟವನು. ರೋಟೋದಿಂದ (ಪ್ರತಿ ಫ್ರೇಮಿನಲ್ಲೂ ಆಕಾರದ ಸುತ್ತ ಗೆರೆ ಎಳೆದು ಬೇರ್ಪಡಿಸೋ ಕೆಲಸ) ಶುರು ಮಾಡಿ, ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿತು, ಈಗ ಪೈಪ್‌ಲೈನ್‌ನಲ್ಲಿದ್ದೇನೆ, ಅಂದರೆ ಆರ್ಟಿಸ್ಟ್‌ಗಳ ಕೆಲಸ ಸಾಗಿಸೋ ಸ್ಕ್ರಿಪ್ಟ್ ಬರೆಯೋ ಕಡೆ. ಹಾಗಾಗಿ ನೋಡಿದ್ದನ್ನಷ್ಟೇ ಹೇಳ್ತೀನಿ.

ಮೊದಲು ನಿನ್ನ ಕೆಲಸ. 2009ರಲ್ಲಿ ಬೆಂಗಳೂರಿನಲ್ಲಿ ನಾನು ರೋಟೋ ಮಾಡುವಾಗ 88 ಫ್ರೇಮಿನ ಒಂದು ಶಾಟ್‌ಗೆ ನಾಲ್ಕು ದಿನ ಹಿಡಿಯುತ್ತಿತ್ತು. ಪರದೆಯ ಮೇಲೆ ನಾಲ್ಕು ಸೆಕೆಂಡೂ ಇಲ್ಲ! ಹೋದ ತಿಂಗಳು ನಮ್ಮ ಪಕ್ಕದ ಸೀಟಿನ ಹುಡುಗಿ ಅಂಥದ್ದೇ ಶಾಟ್ ತಗೊಂಡಳು. ಮಳೆಯಲ್ಲಿ ನಿಂತ ಹೆಂಗಸು, ಒದ್ದೆ ಕೂದಲು. ಆರು ಫ್ರೇಮ್ ಕೈಯಲ್ಲಿ ಮಾಡಿ, ನ್ಯೂಕ್ ಸಾಫ್ಟ್‌ವೇರ್‌ನ ಕಾಪಿಕ್ಯಾಟ್‌ಗೆ (ನಾವು ಮಾಡಿದ್ದನ್ನು ನೋಡಿ ಕಲಿಯೋ ಎಐ) ಕೊಟ್ಟು ಊಟಕ್ಕೆ ಹೋದಳು. ಬರೋ ಹೊತ್ತಿಗೆ ಉಳಿದದ್ದನ್ನು ಅದೇ ಮಾಡಿಟ್ಟಿತ್ತು. ಚೆನ್ನಾಗೇ ಇತ್ತು, ಆದರೆ ಕಿವಿಯ ಹಿಂದೆ ಒಂದು ಜೊಂಪೆ ಕೂದಲು ಎಂಟು ಫ್ರೇಮ್ ಮಿಣಮಿಣ ಅಂತಿತ್ತು. ಅದನ್ನು ಸರಿ ಮಾಡೋಕೆ ಅರ್ಧ ದಿನ. ನೀನೂ ಕಾಪಿಕ್ಯಾಟ್ ಬಳಸಿರುತ್ತೀಯ, ಗೊತ್ತಿರುತ್ತೆ. 2021ರಿಂದ ಇದೆ ಅಲ್ವಾ.

ಆ ಮಿಣಮಿಣ ಅವಳ ಕಣ್ಣಿಗೆ ಬಿದ್ದದ್ದು ಯಾಕೆ? ವರ್ಷಗಟ್ಟಲೆ ಕೈಯಲ್ಲಿ ಗೆರೆ ಎಳೆದಿದ್ದಾಳೆ, ಅದಕ್ಕೆ. ಈಗ ಸೇರುವ ಹುಡುಗರಿಗೆ ಆ ವರ್ಷಗಳೇ ಸಿಗುತ್ತಿಲ್ಲ. ನನಗೆ ನಿಜವಾಗಿ ಭಯ ಆಗೋದು ಅವರ ಬಗ್ಗೆ. ನಿನಗೆ ಆರು ವರ್ಷ ಆಗಿದೆ, ನೀನು ದಾಟಿಬಿಟ್ಟಿದ್ದೀಯ.

ನಿನ್ನ ಗಂಡನ ಕೆಲಸ ಗಟ್ಟಿ ಅಂದುಕೊಂಡಿದ್ದರೆ ಒಂದು ಕತೆ ಕೇಳು. ಪೈಥಾನ್ 2ರಿಂದ 3ಕ್ಕೆ ಹೋದಾಗಿನ ಮಾತು. ಹಿಂದಿನ ಒಂದು ಸ್ಟುಡಿಯೋದಲ್ಲಿ ನಾನೇ ಬರೆದ ಹಳೇ ಸ್ಕ್ರಿಪ್ಟ್ ಇತ್ತು, ಪ್ರತಿ ಶಾಟ್‌ನ ನಡುವಿನ ಫ್ರೇಮ್ ಹುಡುಕಿ ಚಿಕ್ಕ ಚಿತ್ರ ತೆಗೆಯೋದು. ಒಂದು ಶಾಟ್‌ನ ಫ್ರೇಮ್‌ಗಳು 1001ರಿಂದ 1088 ಅಂತ ಇಟ್ಟುಕೋ. ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಪೈಥಾನ್ 2 ಅರ್ಧವನ್ನು ಬಿಸಾಕಿ 1044 ಅಂತಿತ್ತು. ಪೈಥಾನ್ 3 ಪ್ರಾಮಾಣಿಕವಾಗಿ 1044.5 ಅಂದಿತು. ರೆಂಡರ್ ಫಾರ್ಮ್, ಅಂದರೆ ಚಿತ್ರ ತಯಾರಿಸೋ ಕಂಪ್ಯೂಟರ್‌ಗಳ ಗುಂಪು, ರಾತ್ರಿಯಿಡೀ 1044.5ನೇ ಫ್ರೇಮ್ ಹುಡುಕಿತು. ಅಂಥ ಫ್ರೇಮ್ ಎಲ್ಲಿಂದ ಬರಬೇಕು? ಡೈಲೀಸ್‌ಗೆ, ಅಂದರೆ ದಿನದ ಕೆಲಸ ನೋಡೋ ಸಭೆಗೆ, ಅರ್ಧ ಶಾಟ್‌ಗಳೇ ಇಲ್ಲ. ನಾನು ಮರುದಿನ ಬೆಳಗಿನ ಜಾವದವರೆಗೆ ಕೂತೆ. ನನ್ನ ಜೊತೆ ಕಾದ ಆರ್ಟಿಸ್ಟ್‌ಗಳಿಗೆ ಎಂಟು ಗಂಟೆ ಮೇಲಿನದಕ್ಕೆ ಒಂದೂವರೆ ಪಟ್ಟು, ಹನ್ನೆರಡರ ಮೇಲೆ ಎರಡು ಪಟ್ಟು ದುಡ್ಡು ಬಂತು. ನನಗೆ ಸೊನ್ನೆ. ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕಾರ್ಮಿಕ ನಿಯಮದಲ್ಲಿ 'ಹೈ ಟೆಕ್ನಾಲಜಿ ಪ್ರೊಫೆಷನಲ್' ಅನ್ನಿಸಿಕೊಂಡವರಿಗೆ ಓವರ್‌ಟೈಮ್ ಇಲ್ಲ. ನಿನ್ನ ಗಂಡನಿಗೆ ಇದನ್ನು ಈಗಲೇ ಹೇಳು, ಸಂಬಳ ಮಾತಾಡುವಾಗ ಲೆಕ್ಕಕ್ಕೆ ಹಿಡಿಯಲಿ. ಆಮೇಲೆ ಅವರ ವರ್ಕ್ ಪರ್ಮಿಟ್ ವಿಷಯ. ಕೆಲಸಕ್ಕೆ ಬಂದವರ ಗಂಡ ಅಥವಾ ಹೆಂಡತಿಗೆ ಕೊಡುವ ಓಪನ್ ಪರ್ಮಿಟ್ (ಒಂದೇ ಕಂಪನಿಗೆ ಕಟ್ಟದ್ದು) 2025ರ ಜನವರಿಯಿಂದ ಬಿಗಿಯಾಗಿದೆ. ಹೊರಡುವ ಮುಂಚೆ ಸರಿಯಾದ ಲಾಯರ್ ಹತ್ತಿರ ಕೇಳಿಕೊಂಡು ಬನ್ನಿ.

ಇನ್ನು ನೀನು ಕೇಳದೇ ಇದ್ದ ವಿಷಯ. ನಮ್ಮ ಕೆಲಸ ಫೈಲ್ ಆದ ದಿನವೇ ಅದಕ್ಕೆ ಕಾಲು ಬಂತು. 2020ರ ಮಾರ್ಚ್‌ನಲ್ಲಿ ಎಲ್ಲರೂ ಮನೆಗೆ ಹೋದೆವು. ಮಷೀನ್ ಸ್ಟುಡಿಯೋದಲ್ಲಿ, ಮನೆಗೆ ಬರೋದು ಅದರ ಪರದೆಯ ಚಿತ್ರ ಮಾತ್ರ. ಆ ತಂತ್ರ ಮಾಡಿದ ಟೆರಾಡಿಚಿ ಕಂಪನಿ ಇಲ್ಲೇ ಪಕ್ಕದ ಬರ್ನಬಿಯದು. ಅಮ್ಮ ಫೋನಿನಲ್ಲಿ, "ಮನೆಯಲ್ಲೇ ಕೂತು ಮಾಡೋದಾದರೆ ತಿಪಟೂರಿನಲ್ಲೇ ಕೂತು ಮಾಡಬಾರದಾ?" ಅಂದರು. ಕೇಬಲ್ ಪ್ರಕಾರ ಮಾಡಬಹುದು. ತೆರಿಗೆ ಪ್ರಕಾರ ಆಗಲ್ಲ.

ಹಾಲಿವುಡ್ ಕೆಲಸ ಇಲ್ಲಿಗೆ ಬರೋದು ಇಲ್ಲಿನ ಬೆಟ್ಟ ನೋಡೋಕಲ್ಲ. ಇಲ್ಲಿ ಕೊಟ್ಟ ಸಂಬಳದ ಒಂದು ಪಾಲನ್ನು ಸರ್ಕಾರ ವಾಪಸ್ ಕೊಡುತ್ತೆ, ಅದಕ್ಕೆ. ಪ್ರಾಂತ್ಯದ ಮೂಲ ದರ 28% ಇದ್ದದ್ದು 2025ರಿಂದ 36% ಆಯಿತು. ನಮ್ಮಂಥ ಡಿಜಿಟಲ್ ಕೆಲಸಕ್ಕೆ ಅದರ ಮೇಲೆ ಇನ್ನೊಂದು 16%. ಆದರೆ ಇದು ಸಿಗೋದು ಹಿಂದಿನ ಡಿಸೆಂಬರ್ 31ಕ್ಕೆ ಇಲ್ಲಿ ವಾಸ ಇದ್ದವರ ಸಂಬಳಕ್ಕೆ ಮಾತ್ರ. ನೀನು ಜನವರಿ 10ಕ್ಕೆ ಇಳಿದರೆ ಕೈಯಲ್ಲಿ ಅದೇ ಕಲೆ, ಅದೇ ಕೆಲಸ, ಆದರೆ ಸ್ಟುಡಿಯೋ ಲೆಕ್ಕದಲ್ಲಿ ನೀನು ದುಬಾರಿ ಆಳು. ಶೋ, ಅಂದರೆ ಕೈಯಲ್ಲಿರುವ ಸಿನಿಮಾದ ಕೆಲಸ, ಮುಗಿದಾಗ ಯಾರನ್ನು ಉಳಿಸಿಕೊಳ್ಳೋದು ಅನ್ನುವ ಮಾತು ಬರುತ್ತೆ, ಆಗ ಈ ಲೆಕ್ಕ ನೆನಪಾಗದೇ ಇರಲ್ಲ.

2023ರಲ್ಲಿ ನಾನು ಆರು ತಿಂಗಳು ಮನೆಯಲ್ಲಿ ಕೂತಿದ್ದೆ. ಯಾವ ಎಐಯೂ ನನ್ನ ಕುರ್ಚಿ ಕಿತ್ತುಕೊಂಡಿರಲಿಲ್ಲ. ಮೇ 2ಕ್ಕೆ ಹಾಲಿವುಡ್ ಬರಹಗಾರರು, ಜುಲೈ 14ಕ್ಕೆ ನಟರು ಮುಷ್ಕರ ಹೂಡಿದರು. ಚಿತ್ರೀಕರಣವೇ ಇಲ್ಲದ ಮೇಲೆ ನಮಗೆ ಶಾಟ್ ಎಲ್ಲಿಂದ? ಅವರ ಜಗಳದಲ್ಲಿ ಎಐ ಕೂಡ ಒಂದು ವಿಷಯವಾಗಿತ್ತು ಅನ್ನೋದು ಬೇರೆ. 2025ರ ಫೆಬ್ರವರಿಯಲ್ಲಿ ಸಿನಿಮಾ ಗ್ರಾಫಿಕ್ಸ್‌ನ ದೊಡ್ಡ ಕಂಪನಿ ಟೆಕ್ನಿಕಲರ್ ಮುಳುಗಿದಾಗ ನಿನ್ನ ಗೆಳತಿಯರೂ ಬೆಂಗಳೂರಿನಲ್ಲಿ ಬೀದಿಗೆ ಬಿದ್ದಿರಬೇಕು. ಅದೂ ಸಾಲದ ಕತೆ. ಸುಮ್ನೆ ಎಲ್ಲವನ್ನೂ ಎಐ ತಲೆಗೆ ಕಟ್ಟೋದು ನನಗೆ ಸರಿ ಕಾಣಲ್ಲ.

ಹಾಗಾಗಿ ಬಾ, ಆದರೆ ಮೊದಲ ಎರಡು ವರ್ಷ ಮನೆ ಕೊಳ್ಳೋ ಮಾತು ಬೇಡ. ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿರಲಿ. ಪರ್ಮಿಟ್ ಒಂದೇ ಸ್ಟುಡಿಯೋಗೆ ಕಟ್ಟಿದ್ದರೆ ಕೆಲಸ ಹೋದ ಮೇಲೆ ಮುಂದಿನ ಬಾಗಿಲಿಗೆ ಹೋಗೋಕೂ ಹೊಸ ಕಾಗದ ಬೇಕು. ಪಿಆರ್‌ಗೆ (ಇಲ್ಲಿ ಖಾಯಂ ಆಗಿ ಇರೋ ಅನುಮತಿ) ಅರ್ಜಿ ಹಾಕಲು ಅರ್ಹತೆ ಬಂದ ದಿನವೇ ಹಾಕು, ನಾನು ಸೋಮಾರಿತನದಿಂದ ಒಂದು ವರ್ಷ ಕಳೆದೆ. ಪೈಥಾನ್ ಸ್ವಲ್ಪ ಕಲಿತುಕೋ, ಮನೆಯಲ್ಲೇ ಮೇಷ್ಟ್ರು ಇದ್ದಾರಲ್ಲ. ಅವರಿಗೆ ನಿನ್ನ ಶಾಟ್ ತೋರಿಸು, 1044.5ನೇ ಫ್ರೇಮ್ ಯಾಕಿಲ್ಲ ಅಂತ ಅವರಿಗೂ ಗೊತ್ತಿರಲಿ.

ಹುಣಸೆಹಣ್ಣು, ರಾಗಿ ಹಿಟ್ಟು ಹೊತ್ತು ತರಬೇಡ, ಪಕ್ಕದ ಊರು ಸರ್ರೆಯಲ್ಲಿ ಎಲ್ಲ ಸಿಗುತ್ತೆ. ಮಳೆ ಜಾಕೆಟ್ಟೂ ಇಲ್ಲೇ ತಗೋ, ಬೆಂಗಳೂರಿನದು ಇಲ್ಲಿನ ನವೆಂಬರ್‌ಗೆ ಸಾಲಲ್ಲ. ಇವತ್ತೇ ಎಚ್‌ಆರ್‌ಗೆ ಬರೆದು, ಸೇರುವ ದಿನ ಡಿಸೆಂಬರ್‌ಗೆ ತರಲು ಆಗುತ್ತಾ ಕೇಳು. ಯಾಕೆ ಅಂತ ಅವರು ನಿನ್ನನ್ನು ಕೇಳಲ್ಲ. ಟಿಕೆಟ್ ಆದ ಮೇಲೆ ತಿಳಿಸು, ಏರ್‌ಪೋರ್ಟಿಗೆ ಬರ್ತೀನಿ.